ಗುಂಡನ ಕೆಮ್ಮು

ಉಪದೇಶಿಗಳ ಮನೆಯಲ್ಲಿ ಬಿಸಿ ಬಿಸಿ ಊಟ ಮಾಡಿದವರು ಯಾರೂ ಇಲ್ಲ. ಅಡುಗೆಯೇನೋ ಬಿಸಿಯಾಗಿಯೇ ಮೇಜಿಗೆ ಬರುತ್ತಿತ್ತು. ಆದರೆ ಮುದುಕರು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರೆಂದರೆ, ಅದು ಮುಗಿಯುವ ಹೊತ್ತಿಗೆ ಅನ್ನದ ಹಬೆ ಆರಿ ತಟ್ಟೆಗಳು ತಣ್ಣಗಾಗಿರುತ್ತಿದ್ದವು. ಜೀವಮಾನವಿಡೀ ಚರ್ಚಿನ ಉಪದೇಶಿಯಾಗಿ ಮನೆಮನೆ ತಿರುಗಿ ಬೈಬಲಿನ ವಾಕ್ಯ ಹೇಳಿದವರು, ರೋಗಿಗಳ ಮಂಚದ ಪಕ್ಕ ಮೊಣಕಾಲೂರಿದವರು. ನಿವೃತ್ತಿಯಾದ ಮೇಲೆ ಅವರ ಪಾಲಿಗೆ ಉಳಿದದ್ದು ಈ ಊಟದ ಮೇಜು ಒಂದೇ. ಅದನ್ನೂ ಬೇಗ ಮುಗಿಸಿ ಎಂದರೆ ಹೇಗೆ?

ಅವರ ಪ್ರಾರ್ಥನೆಗೆ ಒಂದು ಕ್ರಮವಿತ್ತು. ಮೊದಲು ಚರ್ಚಿನ ಸಭೆ, ಆಮೇಲೆ ಅದರ ಪಾದ್ರಿ ಸಭಾಪಾಲಕರ ಮಂಡಿನೋವು, ಆಮೇಲೆ ಬೀದಿಯಲ್ಲಿ ಹಾಸಿಗೆ ಹಿಡಿದವರು. ಕೊನೆಗೆ ಮನೆಯವರು, ದೊಡ್ಡವರಿಂದ ಚಿಕ್ಕವರವರೆಗೆ. ಬಸ್ ಡ್ರೈವರ್ ಆಗಿದ್ದ ಮಗನಿಗೆ ದಾರಿಯಲ್ಲಿ ರಕ್ಷಣೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಸೊಸೆಯ ಕೈಗಳಿಗೆ ಬಲ. ಮೊಮ್ಮಗಳಿಗೆ ಲೆಕ್ಕದಲ್ಲಿ ಬುದ್ಧಿ. ಈ ಮೊಮ್ಮಗಳಿಗೆ ಹನ್ನೆರಡು ವರ್ಷ. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಅಪ್ಪ ಇಟ್ಟ ಹೆಸರು ಲಾಯರಮ್ಮ. ಎಲ್ಲರಿಗಿಂತ ಕೊನೆಗೆ ಆರು ವರ್ಷದ ಗುಂಡ. ಹುಟ್ಟಿದಾಗಿನಿಂದ ಅವನಿಗೆ ಎದೆಯಲ್ಲಿ ಕೆಮ್ಮು. ಹಾಗಾಗಿ ಪ್ರತಿ ಸಂಜೆಯ ಪ್ರಾರ್ಥನೆ "ಗುಂಡನ ಕೆಮ್ಮನ್ನು ಮುಟ್ಟಿ ವಾಸಿ ಮಾಡು, ತಂದೆಯೇ" ಎಂಬಲ್ಲಿಗೆ ಮುಗಿಯುತ್ತಿತ್ತು. ತನ್ನ ಹೆಸರು ಬಂತೆಂದರೆ ಊಟ ಬಂತೆಂದು ಗುಂಡನಿಗೆ ಗೊತ್ತು. ತಾತನಿಗಿಂತ ಮೊದಲೇ "ಆಮೆನ್!" ಎಂದು ಕೂಗಿ ಚಮಚ ಎತ್ತುತ್ತಿದ್ದ.

ಆ ವರ್ಷದ ಚಳಿಯಲ್ಲಿ ಕೆಮ್ಮು ನ್ಯುಮೋನಿಯಾಕ್ಕೆ ತಿರುಗಿತು. ಒಂದು ವಾರದೊಳಗೆ ಗುಂಡ ಹೋದ. ತಾಯಿ ಬಟ್ಟೆ ಮಡಿಸುತ್ತಿದ್ದ ಆಸ್ಪತ್ರೆಯಲ್ಲೇ ಹೋದ. ಅವಳೇ ಮಡಿಸಿದ್ದ ಹಾಸಿನ ಮೇಲೆಯೇ ಹೋದನೋ ಏನೋ, ಅದನ್ನು ಯೋಚಿಸದೆ ಇರಲು ಅವಳು ಬಹಳ ಕಷ್ಟಪಟ್ಟಳು.

ಸಮಾಧಿಯ ಮುಂದೆ ಸಭಾಪಾಲಕರು ಕಣ್ಣು ಒರೆಸಿಕೊಂಡರು. ಉಪದೇಶಿಗಳ ಕಣ್ಣು ಒದ್ದೆಯಾಗಲಿಲ್ಲ. ನೆಟ್ಟಗೆ ನಿಂತು, "ಮಗುವಿಗೆ ಇನ್ನು ಕೆಮ್ಮಿಲ್ಲ, ನೋವಿಲ್ಲ. ಅದಕ್ಕಾಗಿ ಕರ್ತನಿಗೆ ಸ್ತೋತ್ರ ಹೇಳೋಣ" ಎಂದರು. ಬಂದವರೆಲ್ಲ ಅದೇ ಮಾತನ್ನು ಮನೆಗೂ ತಂದು, ಸೊಸೆಯ ಕೈ ಹಿಡಿದು ಹೇಳಿ ಹೋದರು. ಎಂಥ ಗಟ್ಟಿ ವಿಶ್ವಾಸ ಎಂದು ಮುದುಕರನ್ನು ಹೊಗಳಿದರು.

ಆಮೇಲೆ ಎಲ್ಲರೂ ಕೆಲಸಕ್ಕೆ ಮರಳಿದರು. ಬಸ್ಸು, ಬಟ್ಟೆ, ಶಾಲೆ ಯಾವುದೂ ಕಾಯುವುದಿಲ್ಲ. ಸಂಜೆಯ ಪ್ರಾರ್ಥನೆ ಈಗ ಲಾಯರಮ್ಮನ ಲೆಕ್ಕಕ್ಕೇ ನಿಲ್ಲುತ್ತಿತ್ತು. ಅಲ್ಲಿಂದ ಆಮೆನ್‌ವರೆಗೆ ಒಂದು ಸಣ್ಣ ಜಾಗ ಖಾಲಿ.

ಒಂದು ಸಂಜೆ ಮೇಜಿನ ಮೇಲೆ ಬೇಯಿಸಿದ ಮೊಟ್ಟೆ, ಆಲೂಗಡ್ಡೆ, ಅನ್ನ ಇತ್ತು. ಉಪದೇಶಿಗಳಿಗೆ ಅಂದು ಸ್ವಲ್ಪ ಜ್ವರ. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾ ಹೋದರು. ಸಭೆ ಆಯಿತು, ಮಂಡಿನೋವು ಆಯಿತು, ಬಸ್ಸು, ಕೈಗಳು, ಲೆಕ್ಕ ಎಲ್ಲ ಆಯಿತು. ನಾಲಗೆಗೆ ಹಳೆಯ ರೂಢಿ. ಅದು ನಿಲ್ಲಲಿಲ್ಲ.

"ಗುಂಡನ ಕೆಮ್ಮನ್ನು ಮುಟ್ಟಿ ವಾಸಿ ಮಾಡು, ತಂದೆಯೇ."

ಡ್ರೈವರ್ ಕಣ್ಣು ತೆರೆದ. ಲಾಯರಮ್ಮ ಬಾಯಿ ಮುಚ್ಚಿಕೊಂಡಳು. ಸೊಸೆಗೆ ಮಾತ್ರ ಎದೆಯೊಳಗೆ ಏನೋ ತಣ್ಣಗೆ ಇಳಿದ ಹಾಗಾಯಿತು. ಎಷ್ಟು ವಾರಗಳಾಗಿತ್ತು ಆ ಹೆಸರನ್ನು ಯಾರಾದರೂ ಅಷ್ಟು ಸಲೀಸಾಗಿ ಹೇಳಿ! ಒಂದು ಕ್ಷಣ ಅವಳು ಸುಖವಾಗಿದ್ದಳು.

ಅಷ್ಟರಲ್ಲಿ ಮುದುಕರ ಮುಖ ಬಿಳಿಚಿಕೊಂಡಿತು. "ಕರ್ತನೇ, ಕ್ಷಮಿಸು. ತಪ್ಪಾಯಿತು. ಆಮೆನ್" ಎಂದು ಗಡಬಡಿಸಿ ಮುಗಿಸಿದರು.

"ಏನು ತಪ್ಪಾಯ್ತು, ಮಾವ?"

"ಬಾಯಿ ತಪ್ಪಿ ಬಂತಮ್ಮ. ಊಟ ಮಾಡು."

"ನನ್ನ ಮಗನ ಹೆಸರು ಹೇಳಿದ್ದಕ್ಕೆ ದೇವರ ಹತ್ರ ಕ್ಷಮೆ ಕೇಳಿದ್ರಲ್ಲ. ಅದೇನು ಬೈಗುಳಾನಾ?"

"ಸತ್ತವರಿಗೋಸ್ಕರ ಬೇಡ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲಮ್ಮ. ನಿನ್ನ ತವರಿನಲ್ಲಿದೆ, ಗೊತ್ತು. ನಮ್ಮ ಸಭೇಲಿಲ್ಲ."

ಈ ಮನೆ ಪ್ರೊಟೆಸ್ಟೆಂಟರದು, ಅವಳು ಕಥೋಲಿಕರ ಮನೆಯ ಹುಡುಗಿ. ಅವಳ ತಾಯಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಜಪಸರ ಎಣಿಸುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಸೊಸೆ ಈ ಮನೆಯ ರೀತಿಗೆ ಹೊಂದಿಕೊಂಡಿದ್ದಳು, ಒಂದು ದಿನವೂ ಎದುರು ಮಾತಾಡಿರಲಿಲ್ಲ. ಈಗ ತಟ್ಟೆ ತೆಗೆದುಕೊಂಡು ಎದ್ದಳು.

"ಸರಿ. ಹಾಗಾದ್ರೆ ಅವನು ಇಲ್ಲದ ಪ್ರಾರ್ಥನೆಗೆ ನಾನೂ ಇರಲ್ಲ" ಎಂದು ಅಡುಗೆಮನೆಗೆ ಹೋಗಿ, ಒಲೆಯ ಪಕ್ಕ ನಿಂತುಕೊಂಡೇ ಉಂಡಳು.

ಮರುದಿನ ಸಿಟ್ಟು ಇಳಿಯುತ್ತದೆ ಎಂದು ಡ್ರೈವರ್ ಅಂದುಕೊಂಡಿದ್ದ. ಇಳಿಯಲಿಲ್ಲ. ಮೇಜಿಗೆ ಅಡುಗೆ ತಂದಿಡುವಳು, ಮುದುಕರು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಹಾಗೇ ಒಳಗೆ ಹೋಗುವಳು. ಒಳಗಿನಿಂದ ಪಾತ್ರೆಗಳ ಸದ್ದು. ಅದು ಸಭೆಯ ಹೊತ್ತಿಗೆ ಸ್ವಲ್ಪ ಜೋರು, ಮಂಡಿನೋವಿನ ಹೊತ್ತಿಗೆ ಇನ್ನೂ ಜೋರು. ಉಪದೇಶಿಗಳೂ ಹಟದವರೇ, ದನಿ ಏರಿಸುತ್ತಿದ್ದರು. ನಡುವೆ ಕೂತ ಅಪ್ಪನಿಗೂ ಮಗಳಿಗೂ, ದೇವರಿಗೆ ಏನು ಕೇಳಿಸುತ್ತಿದೆಯೋ ಎಂಬ ಅನುಮಾನ.

"ನಿಂಗೆ ಸಿಟ್ಟು ದೇವರ ಮೇಲಾ, ಅಪ್ಪನ ಮೇಲಾ?" ಎಂದು ಡ್ರೈವರ್ ಒಂದು ದಿನ ಕೇಳಿದ. ಅವಳು ಬಾಳೆಹಣ್ಣು, ಬ್ರೆಡ್ಡು ಡಬ್ಬಿಗೆ ತುಂಬುತ್ತಿದ್ದಳು.

"ಇಬ್ರೂ ಒಂದೇ ಕಡೆ ಇದಾರಲ್ರೀ. ಬೇರೆ ಬೇರೆ ಮಾಡಿ ಸಿಟ್ಟು ಮಾಡ್ಕೊಳ್ಳೋಕೆ ನಂಗೆ ಪುರುಸೊತ್ತಿಲ್ಲ."

"ವಯಸ್ಸಾದವರು. ಸ್ವಲ್ಪ ತಗ್ಗಿ ಹೋಗು."

"ನೀವು ಒಂದ್ಸಲ ಅವನ ಹೆಸರು ಹೇಳಿ, ನಾನು ನೆಲಕ್ಕೆ ಮುಟ್ಟೋ ಹಾಗೆ ತಗ್ತೀನಿ."

ಡ್ರೈವರ್ ಬೂಟು ಹಾಕಿಕೊಂಡು ಡಿಪೋಗೆ ಹೊರಟುಹೋದ. ಅವನ ಕಷ್ಟ ಅವನಿಗೆ. ಶಾಲೆಯ ನಿಲ್ದಾಣದಲ್ಲಿ ಗುಂಡನೆತ್ತರದ ಮಕ್ಕಳು ಹತ್ತಿದಾಗ ಅವನು ಕನ್ನಡಿ ನೋಡುತ್ತಿರಲಿಲ್ಲ. ಒಂದು ದಿನ ಹಾಗೇ, ಮಕ್ಕಳು ಇನ್ನೂ ಹತ್ತುತ್ತಿರುವಾಗಲೇ ಬಾಗಿಲು ಹಾಕಿ, ಕಂಡಕ್ಟರ್ ಕೈಲಿ ಬೈಸಿಕೊಂಡಿದ್ದ. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಲಾಯರಮ್ಮನದು ಬೇರೆ ವಾದ. "ತಾತ, ನೀವು ಸಭಾಪಾಲಕರ ಮಂಡಿಗೆ ದಿನಾ ಬೇಡ್ತೀರ. ವಾಸಿಯಾಯ್ತಾ?"

"ಆಗುತ್ತೆ."

"ಆಗ್ದೇ ಇದ್ರೂ ಬೇಡ್ತೀರ. ಗುಂಡಂಗೆ ಮಾತ್ರ ಯಾಕೆ ನಿಲ್ಸಿದ್ರಿ?"

"ಹೋಗು, ಪುಸ್ತಕ ತಗೋ" ಎಂದರು ಉಪದೇಶಿಗಳು. ಉತ್ತರ ಗೊತ್ತಿಲ್ಲದಾಗ ಮೊಮ್ಮಕ್ಕಳನ್ನು ಪುಸ್ತಕಕ್ಕೆ ಕಳಿಸುವ ವಿದ್ಯೆ ಅವರಿಗೆ ಚೆನ್ನಾಗಿ ಕರಗತವಾಗಿತ್ತು.

ವಿಷಯ ಸಭಾಪಾಲಕರ ಕಿವಿಗೂ ಬಿತ್ತು. ಒಂದು ಭಾನುವಾರ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಒಳ್ಳೆಯ ಮನುಷ್ಯ. ಕೊಟ್ಟ ಚಹಾ ಕುಡಿದು, ಒಗೆದ ಬಟ್ಟೆ ಹಿಂಡುತ್ತಿದ್ದ ಸೊಸೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

"ದುಃಖದಲ್ಲಿ ದೇವರ ಕೃಪೆ ಹತ್ತಿರ ಇರುತ್ತಮ್ಮ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಅರ್ಧ ಗಂಟೆ ದೇವರ ಜೊತೆ ಒಬ್ಬಳೇ ಕೂತ್ಕೋ. ಏನೂ ಕೆಲಸ ಇಟ್ಕೋಬೇಡ."

"ಅಯ್ಯನವರೇ, ಅರ್ಧ ಗಂಟೆ ಸಿಕ್ಕಿದ್ರೆ ನಾನು ಮಲಗ್ತೀನಿ."

ಅವರು ನಕ್ಕರು. ಅವಳು ನಗಲಿಲ್ಲ. "ತಮಾಷೆ ಅಲ್ಲ. ಬೆಳಿಗ್ಗೆ ನೀರು ಹಿಡೀಬೇಕು, ಎಲ್ರ ಡಬ್ಬಿ ಆಗ್ಬೇಕು. ಒಂದು ಡಬ್ಬಿ ಕಮ್ಮಿಯಾಗಿದೆ, ಆದ್ರೂ ಕೈ ನಾಲ್ಕು ಡಬ್ಬಿ ಇಳಿಸುತ್ತೆ. ಒಂದನ್ನ ವಾಪಸ್ ಮೇಲಿಡ್ಬೇಕು. ದಿನಾ. ಆಮೇಲೆ ನಿಮ್ಮ ಕೃಪೆ ಯಾವ ಹೊತ್ತಿಗೆ ಬರುತ್ತೋ ನೋಡ್ಕೊಂಡು ಎದ್ದಿರೋಕೆ ಆಗಲ್ಲ."

ಸಭಾಪಾಲಕರು ಎದ್ದು, ಅವಳು ಹಿಂಡುತ್ತಿದ್ದ ದೊಡ್ಡ ದುಪ್ಪಟಿಯ ಇನ್ನೊಂದು ತುದಿ ಹಿಡಿದು ತಿರುಚಿದರು. ನೀರೆಲ್ಲ ಅವರ ಬೂಟಿನ ಮೇಲೆ ಸುರಿಯಿತು. ಹಾಗೇ ಹೊರಟು ಹೋದರು.

ಲಾಂಡ್ರಿಯಲ್ಲಿ ಅವಳ ಜೋಡಿ ಉದ್ದಕ್ಕ, ಚರ್ಚಿನ ಕಡೆಯವಳಲ್ಲ. ಹೆಸರಿಗೆ ತಕ್ಕ ಎತ್ತರ, ಎತ್ತರಕ್ಕೆ ತಕ್ಕ ಬಾಯಿ. ಆಸ್ಪತ್ರೆಯ ಹಾಸುಗಳು ಒಗೆಯುವ ಯಂತ್ರದಿಂದ ಒಣಗಿಸುವ ಯಂತ್ರಕ್ಕೆ, ಅಲ್ಲಿಂದ ಇಸ್ತ್ರಿಯ ಬಿಸಿ ಉರುಳೆಗೆ ಹೋಗಿ, ಗರಿಗರಿಯಾಗಿ ಇವರ ಕೈಗೆ ಬರುತ್ತಿದ್ದವು. ಇಬ್ಬರೂ ಎರಡೆರಡು ಮೂಲೆ ಹಿಡಿದು ಎಳೆಯುವುದು, ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆ ಸೇರಿಸುವುದು, ಮತ್ತೆ ಹಿಂದೆ ಸರಿಯುವುದು. ದಿನವಿಡೀ ಇದೇ. ಮಕ್ಕಳ ವಾರ್ಡಿನ ಹಾಸುಗಳು ಚಿಕ್ಕವು, ಒಬ್ಬರೇ ಮಡಿಸಬಹುದು. ಗುಂಡ ಹೋದ ಮೇಲೆ ಸೂಪರ್‌ವೈಸರ್ ಅವುಗಳನ್ನು ಕರುಣೆಯಿಂದ ಬೇರೆ ಮೇಜಿಗೆ ಹಾಕಿಸಿದ್ದಳು. ಒಂದು ದಿನ ಆ ಮೇಜಿನವಳು ರಜೆ. ಬುಟ್ಟಿ ಇವಳ ಮುಂದೆ ಬಂತು.

"ಬಿಡು, ನಾನು ಮಡಿಸ್ತೀನಿ" ಎಂದಳು ಉದ್ದಕ್ಕ.

"ಬೇಡ. ಕೊಡು."

ಮೊದಲ ಹಾಸು ಕೈಗೆತ್ತಿಕೊಂಡು ಮೂಲೆಗೆ ಮೂಲೆ ಸೇರಿಸಿದಳು. ಇದರ ಮೇಲೆ ನಾಳೆ ಯಾವುದೋ ಮಗು ಮಲಗುತ್ತದೆ. ಅದರ ತಾಯಿ ಪಕ್ಕದ ಸ್ಟೂಲಿನ ಮೇಲೆ ಕೂತು ಅದರ ಉಸಿರನ್ನೇ ನೋಡುತ್ತಿರುತ್ತಾಳೆ. ಅವಳಿಗೆ ಹಾಗಾಗದಿರಲಿ, ಎಂದುಕೊಂಡಳು. ಮಡಿಸಿ ಇಟ್ಟಳು. ಎರಡನೆಯದಕ್ಕೂ ಅದೇ ಅಂದುಕೊಂಡಳು. ಬುಟ್ಟಿ ಖಾಲಿಯಾಗುವವರೆಗೂ ಅಂದುಕೊಳ್ಳುತ್ತಲೇ ಇದ್ದಳು. ಮರುದಿನ ತಾನೇ ಹೋಗಿ ಆ ಬುಟ್ಟಿ ಕೇಳಿ ಪಡೆದಳು.

"ನಿನ್ನ ತುಟಿ ಅಲ್ಲಾಡ್ತಿದೆ" ಎಂದಳು ಉದ್ದಕ್ಕ ಒಂದು ಮಧ್ಯಾಹ್ನ.

"ಏನಿಲ್ಲ."

"ನಾನೇನು ಕುರುಡೀನಾ? ಪ್ರಾರ್ಥನೆ ಬಿಟ್ಟೆ ಅಂತಿದ್ದೆ."

"ಇದು ಪ್ರಾರ್ಥನೆ ಅಲ್ಲ. ಹಾಸು ಮಡಿಸ್ತಿದೀನಿ."

"ಹಾಗಾದ್ರೆ ಮಡಿಸೋವಾಗ ನಂದೂ ಒಂದು ಸೇರಿಸ್ಕೋ. ಈ ಸೊಂಟ ನನ್ನ ಪ್ರಾಣ ತಿಂತಿದೆ."

ಇಬ್ಬರಿಗೂ ನಗು ಬಂತು. ನಗುವಿನ ಹಿಂದೆಯೇ ಇವಳಿಗೆ ಅಳು ನುಗ್ಗಿ ಬಂತು. ಉದ್ದಕ್ಕ ಒಂದು ದೊಡ್ಡ ಹಾಸು ಬಿಡಿಸಿ, ಸೂಪರ್‌ವೈಸರ್ ಕಾಣದ ಹಾಗೆ ಅಡ್ಡ ಹಿಡಿದು ನಿಂತಳು. ಯಾವ ದೇವರ ಹೆಸರನ್ನೂ ಎತ್ತದೆ, "ಅಳು, ಅಳು, ನಾನು ಹಿಡ್ಕೊಂಡಿದೀನಿ" ಎಂದಳು. ಅಂದಿನಿಂದ ದೊಡ್ಡ ಹಾಸು ಮಡಿಸುವಾಗೆಲ್ಲ ಉದ್ದಕ್ಕನ ಸೊಂಟಕ್ಕೂ ಒಂದು ಮಾತು ಸೇರಿತು.

ಮನೆಯಲ್ಲಿ ಉಪದೇಶಿಗಳ ಹಟ ಸ್ವಲ್ಪ ಸಡಿಲವಾಗುತ್ತಿತ್ತು. ಒಂದು ಸಂಜೆ ತಾವಾಗಿಯೇ ಅಡುಗೆಮನೆಗೆ ಬಂದು, ಕೇಳದಿದ್ದರೂ ಆಲೂಗಡ್ಡೆ ಸುಲಿಯಲು ಕೂತರು. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು. ಅವಳು ಸಿಪ್ಪೆಯಿಂದ ತುಂಡುಗಳನ್ನು ಆರಿಸಿ ಪಾತ್ರೆಗೆ ಹಾಕಿಕೊಂಡಳು.

"ಮೇಜಿಗೆ ಬಾಮ್ಮ. ನೀನಿಲ್ದೆ ಚೆನ್ನಾಗಿಲ್ಲ."

"ಅವನಿಲ್ದೆ ಚೆನ್ನಾಗಿದ್ಯಾ?"

"ನಾನು ಎಷ್ಟೋ ಮನೇಲಿ ಹೇಳಿದೀನಿ, ಸತ್ತವರಿಗೋಸ್ಕರ ಬೇಡೋದಲ್ಲ, ಅವರು ಕರ್ತನ ಕೈಲಿದಾರೆ ಅಂತ. ಎಷ್ಟೋ ತಾಯಂದಿರಿಗೆ ಹೇಳಿದೀನಿ. ಈಗ ನನ್ನ ಮನೇಲಿ ಬಿಟ್ಟುಕೊಡಲಾ?"

"ಬೇಡ್ಬೇಡಿ ಮಾವ. ಬರೀ ಹೆಸರು ಹೇಳಿ, ಸಾಕು."

"ಹೆಸರು ಹೇಳಿದ್ಮೇಲೆ ಏನಾದ್ರೂ ಕೇಳ್ಬೇಕಲ್ಲಮ್ಮ. ಹೆಸರು ಹೇಳಿ, ಏನೂ ಕೇಳ್ದೆ, ದೇವರ ಮುಂದೆ ಸುಮ್ನೆ ನಿಂತ್ಕೊಳ್ಳೋದಾ?"

"ಹೂಂ. ನಿಂತ್ಕೊಳ್ಳಿ. ನಾನು ದಿನಾ ಹಾಗೇ ನಿಂತಿದೀನಿ."

ಮುದುಕರು ಚಾಕು ಕೆಳಗಿಟ್ಟರು. ಎದ್ದು ತಮ್ಮ ಕೋಣೆಗೆ ಹೋದರು. ಅಂದು ಪ್ರಾರ್ಥನೆ ಎಂದಿಗಿಂತ ಚಿಕ್ಕದಾಗಿತ್ತು. ಅವಳು ಮೇಜಿಗೆ ಬರಲಿಲ್ಲ.

ಅದಾಗಿ ಮುಂದಿನ ವಾರ ಲಾಯರಮ್ಮ ಶಾಲೆಯಿಂದ ಕೆಮ್ಮುತ್ತಾ ಬಂದಳು. ಶಾಲೆಯ ಹಳೆಯ ಕಪಾಟುಗಳನ್ನೆಲ್ಲ ಮಕ್ಕಳ ಕೈಲಿ ಖಾಲಿ ಮಾಡಿಸಿದ್ದರು, ಧೂಳು ಕುಡಿದಿದ್ದಳು, ಅಷ್ಟೆ. ಆದರೂ ತಾಯಿ ಬ್ಯಾಗು ಕೆಳಗಿಡಲೂ ಬಿಡದೆ ಎಳೆದುಕೊಂಡು ಹೋಗಿ, ಆಸ್ಪತ್ರೆಯ ಪರಿಚಯದ ನರ್ಸಿಗೆ ತೋರಿಸಿದಳು. ನರ್ಸು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಧೂಳು ಕಣೆ. ಎದೆ ಚೆನ್ನಾಗಿದೆ. ಬಿಸಿ ನೀರು ಕುಡಿಸು" ಎಂದು ಕಳಿಸಿದಳು. ತಾಯಿ ಮೂರು ಸಲ ಕೇಳಿದಳು. ಮೂರು ಸಲವೂ ಧೂಳೇ.

ಆ ಸಂಜೆ ಎಲ್ಲರೂ ಮೇಜಿಗೆ ಕೂತರು. ಸೊಸೆ ಅಡುಗೆ ಇಟ್ಟು ಒಳಗೆ ಹೋದಳು. ಉಪದೇಶಿಗಳು ಕಣ್ಣು ಮುಚ್ಚಿದರು. ಸಭೆ ಆಯಿತು. ಮಂಡಿನೋವು ಆಯಿತು. ಮಗನ ಬಸ್ಸು, ಸೊಸೆಯ ಕೈ ಆಯಿತು. "ನಮ್ಮ ಮೊಮ್ಮಗಳು…" ಎಂದು ನಿಂತರು. ಲಾಯರಮ್ಮ ತಡೆಯಲಾರದೆ ಎರಡು ಸಲ ಕೆಮ್ಮಿದಳು.

"ನಮ್ಮ ಮೊಮ್ಮಗಳ…" ಮತ್ತೆ ನಿಂತರು. ಮುಂದಿನ ಮಾತು ಅವರ ಬಾಯಿಗೆ ಬರಲಿಲ್ಲ. ಆರು ವರ್ಷ ದಿನ ತಪ್ಪದೆ ಆ ಮಾತನ್ನು ಹೇಳಿದ್ದರು. ಹೇಳಿ ಏನಾಯಿತು ಎಂಬುದು ಅವರಿಗೆ ಗೊತ್ತಿತ್ತು. ಈಗ ಇನ್ನೊಂದು ಮಗುವಿನ ತಲೆಯ ಮೇಲೆ ಅದೇ ಮಾತನ್ನು ಹೇಗೆ ಇಡುವುದು? ಎರಡು ಕೈಯಲ್ಲೂ ಮೇಜಿನ ಅಂಚನ್ನು ಹಿಡಿದುಕೊಂಡರು.

"ಅಪ್ಪಾ?" ಎಂದ ಡ್ರೈವರ್.

ಅವರು ತಲೆಯಾಡಿಸಿದರು. ಕಣ್ಣು ಬಿಡಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾವನ ದನಿ ಪ್ರಾರ್ಥನೆಯ ನಡುವೆ ಹೀಗೆ ನಿಂತದ್ದನ್ನು ಸೊಸೆ ಎಂದೂ ಕೇಳಿರಲಿಲ್ಲ. ಒದ್ದೆ ಕೈಯಲ್ಲೇ ಹೊರಗೆ ಬಂದು ನೋಡಿದಳು. ಗಟ್ಟಿ ವಿಶ್ವಾಸದ ಉಪದೇಶಿಗಳು ಕೂತಿರಲಿಲ್ಲ ಅಲ್ಲಿ. ಹೆದರಿದ ಒಬ್ಬ ಮುದುಕ ಕೂತಿದ್ದ. ಇಷ್ಟು ವಾರ ತಾನೊಬ್ಬಳೇ ಮಗನನ್ನು ಕಳೆದುಕೊಂಡವಳ ಹಾಗೆ ನಡೆದುಕೊಂಡೆ ಎಂದು ಅವಳಿಗೆ ಆಗ ಹೊಳೆಯಿತು. ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು.

ಬಾಯಿಬಿಟ್ಟು ಪ್ರಾರ್ಥನೆ ಮಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ತವರಿನಲ್ಲಿ ಬಾಯಿಪಾಠದ ಜಪ, ಇಲ್ಲಿ ಮಾವನ ಮಾತು. ತನ್ನದೇ ಮಾತು ಎಂದರೆ ಹಾಸಿನ ಬುಟ್ಟಿಯ ಮುಂದೆ ಆಡಿದ್ದು ಮಾತ್ರ.

"ದೇವರೇ," ಎಂದಳು, "ಊಟ ಆರ್ತಾ ಇದೆ, ಬೇಗ ಹೇಳ್ತೀನಿ. ಇವಳ ಕೆಮ್ಮು ಧೂಳಿಂದು ಅಂತ ನರ್ಸಮ್ಮ ಹೇಳಿದಾಳೆ. ಧೂಳಿಂದೇ ಆಗಿರ್ಲಿ. ಇವರ ಬಸ್ಸಿಗೆ ಯಾರೂ ಅಡ್ಡ ಬರ್ದೇ ಇರ್ಲಿ. ಉದ್ದಕ್ಕನ ಸೊಂಟ ನೋಡ್ಕೋ, ಅವಳು ನಿನ್ನವಳಲ್ಲ ಅಂತ ಬಿಟ್ಬಿಡ್ಬೇಡ. ಮಕ್ಕಳ ವಾರ್ಡಿನ ತಾಯಂದಿರನ್ನ ನೋಡ್ಕೋ. ಮಾವಂಗೆ ನಿದ್ದೆ ಬರ್ತಿಲ್ಲ. ಗೋಡೆ ಆಚೆಯಿಂದ ನಂಗೆ ಕೇಳ್ಸುತ್ತೆ. ಅವರಿಗೆ ನಿದ್ದೆ ಕೊಡು."

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಆಮೇಲೆ ಗುಂಡ."

ಅವಳು ಏನನ್ನೂ ಕೇಳಿಕೊಳ್ಳಲಿಲ್ಲ. ಆ ಹೆಸರು ಹೇಳಿ ಹಾಗೇ ಇದ್ದಳು. ಡ್ರೈವರ್ ಮುಖ ತಗ್ಗಿಸಿ, ತನಗಷ್ಟೇ ಕೇಳುವ ಹಾಗೆ, "ಗುಂಡ" ಎಂದ.

"ಅವನಿಗೆ ಈಗ ಕೆಮ್ಮಿಲ್ಲ" ಎಂದಳು ಅವಳು. "ಅದಕ್ಕೆ ನಿಂಗೆ ಸ್ತೋತ್ರ ಹೇಳ್ಬೇಕಂತೆ. ಎಲ್ರೂ ಹಾಗೇ ಹೇಳಿ ಹೋದ್ರು. ನನ್ನ ಕೈಲಿ ಇವತ್ತು ಆಗಲ್ಲ."

ಅದನ್ನು ಹೇಗೆ ಮುಗಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಮಾವನ ಕಡೆ ನೋಡಿದಳು. ಸಮಾಧಿಯ ಮುಂದೆಯೂ ಒದ್ದೆಯಾಗದ ಆ ಕೆನ್ನೆಗಳ ಮೇಲೆ ನೀರು ಇಳಿಯುತ್ತಿತ್ತು. ತಂದೆಯ ಮುಂದೆ ತಪ್ಪು ಒಪ್ಪಿಕೊಳ್ಳುವ ಹುಡುಗನ ಹಾಗೆ ಅವರು ಮೆಲ್ಲಗೆ ಬಾಯಿ ತೆರೆದರು.

"ನನ್ನ ಕೈಲೂ ಆಗಲ್ಲ, ತಂದೆಯೇ," ಎಂದರು. "ಅವತ್ತೂ ಆಗಿರ್ಲಿಲ್ಲ. ಆಮೆನ್."

ಸೊಸೆ ಅವರ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ, ಎಲ್ಲರೂ ಅಳುತ್ತಿದ್ದರು.